ತಾತ ಒಪ್ಪದ ಆಟ

ಬೈರಾಪಟ್ಟಣದ ಬೋರಲಿಂಗಯ್ಯ ಹರೆಯದಲ್ಲಿ ಊರ ಮುಂದಿನ ಗುಂಡುಕಲ್ಲನ್ನು ಹೆಗಲಿಗೇರಿಸಿಕೊಂಡು ಅರಳಿಕಟ್ಟೆಯನ್ನು ಮೂರು ಸುತ್ತು ಬಂದವನು. ಆಗ ಆ ಕಲ್ಲಿನ ತೂಕ ಒಂದು ಕ್ವಿಂಟಲ್ ಇತ್ತಂತೆ. ಅವನು ಹೇಳುತ್ತಾ ಹೇಳುತ್ತಾ ಈಗ ಒಂದೂವರೆ ಕ್ವಿಂಟಲ್ಲಿಗೆ ಬಂದು ನಿಂತಿದೆ. ಹಾಗಾಗಿ ಯಾವುದು ಆಟ, ಯಾವುದು ಅಲ್ಲ ಎಂಬುದರಲ್ಲಿ ಆ ಮನೆಯಲ್ಲಿ ಅವನದೇ ತೀರ್ಪು. ಯಾರೂ ಕೇಳದಿದ್ದರೂ ಕೊಡುತ್ತಿದ್ದ. ಕಬಡ್ಡಿ ಪರವಾಗಿಲ್ಲ. ಕ್ರಿಕೆಟ್ ಅರ್ಧ ಆಟ, ಮುಕ್ಕಾಲು ಜನ ಸುಮ್ಮನೆ ನಿಂತೇ ಇರುತ್ತಾರೆ. ಕೇರಂ ಆಟವೇ ಅಲ್ಲ, ಕೂತು ಮಾಡುವ ಕೆಲಸ.

ಇಂಥವನನ್ನು ಮೊಮ್ಮಗಳು ಸಿರಿ ಫೆಬ್ರವರಿಯ ಒಂದು ಸಂಜೆ ಟಿವಿ ಮುಂದೆ ಕೂರಿಸಿ ಚಳಿಗಾಲದ ಒಲಿಂಪಿಕ್ಸ್ ತೋರಿಸಿದಳು. ಮಂಜುಗಡ್ಡೆಯ ಉದ್ದನೆಯ ಅಂಗಳದಲ್ಲಿ ಹೆಂಗಸೊಬ್ಬಳು ಹಿಡಿಯಿರುವ ದುಂಡನೆಯ ಕಲ್ಲನ್ನು ಮೆಲ್ಲಗೆ ಜಾರಿಸಿ ಬಿಟ್ಟಳು. ಇನ್ನಿಬ್ಬರು ಕಲ್ಲಿನ ಮುಂದೆ ಮುಂದೆ ನೆಲ ಉಜ್ಜುತ್ತಾ ಓಡಿದರು. ಕಲ್ಲು ಹೋಗಿ ದೂರದ ವೃತ್ತದೊಳಗೆ ನಿಂತಿತು. ಜನ ಚಪ್ಪಾಳೆ ಹೊಡೆದರು.

"ಇದೇನವ್ವಾ?" ಎಂದ ಬೋರಲಿಂಗಯ್ಯ. "ಒಬ್ಳು ತಳ್ತಾವ್ಳೆ, ಇಬ್ರು ಪೊರಕೆ ಹಿಡ್ಕಂಡು ಗುಡುಸ್ತಾವ್ರೆ. ಅವ್ರ ಮನೇಲಿ ಕಸ ಗುಡ್ಸಕ್ಕೆ ಯಾರೂ ಇಲ್ವಾ?"

"ತಾತ, ಇದು ಕರ್ಲಿಂಗು. ಕಲ್ಲು ಇಪ್ಪತ್ತು ಕೇಜಿ ತೂಕ ಐತೆ."

"ಇಪ್ಪತ್ತು ಕೇಜೀನಾ? ನಿಮ್ಮಜ್ಜಿ ಎಡಗೈಲಿ ಎತ್ತಾಕ್ತಾಳೆ."

ಸಿರಿ ನಗಲಿಲ್ಲ. ಚನ್ನಪಟ್ಟಣದ ಕಾಲೇಜಿನಲ್ಲಿ ಬಿ.ಕಾಂ ಎರಡನೇ ವರ್ಷ ಓದುತ್ತಿದ್ದ ಅವಳು ಅದೇ ಆಟದ ತಂಡದಲ್ಲಿದ್ದಳು. ನಮ್ಮ ಸೀಮೆಯಲ್ಲಿ ಮಂಜುಗಡ್ಡೆಗೆ ಎಲ್ಲಿಗೆ ಹೋಗುವುದು? ಕಾಲೇಜಿನ ಹಾಲ್‌ನಲ್ಲಿ ನೆಲದ ಮೇಲೇ ವೃತ್ತ ಬರೆದು, ಅಡಿಯಲ್ಲಿ ಗೋಲಿಯಂಥ ಚಕ್ರಗಳಿರುವ ಕಲ್ಲುಗಳನ್ನು ಉರುಳಿಸಿ ಆಡುತ್ತಿದ್ದರು. ಈಗ ನಾಗ್ಪುರದಲ್ಲಿ ಐದು ದಿನದ ಪಂದ್ಯವಿತ್ತು. ಹೋಗಬೇಕಾದರೆ ಫಾರಂಗೆ ಮನೆಯ ಹಿರಿಯರ ಸಹಿ ಬೇಕು. ಬಿಡದಿಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರುವ ಅವಳಪ್ಪ ಮನೋಹರ, "ತಾತ ಸೈನ್ ಹಾಕುದ್ರೆ ಹೋಗು, ಇಲ್ದಿದ್ರೆ ಇಲ್ಲ" ಎಂದು ಕೈತೊಳೆದುಕೊಂಡಿದ್ದ.

"ಒಂದ್ಸಲ ಬಂದು ನೋಡು ತಾತ. ಆಮೇಲೆ ಹೇಳು" ಎಂದು ಸಿರಿ ಗೋಗರೆದಳು.

ಶನಿವಾರ ಬೋರಲಿಂಗಯ್ಯ ಇಸ್ತ್ರಿ ಮಾಡಿದ ಬಿಳಿ ಪಂಚೆಯುಟ್ಟು ಅವಳ ಸ್ಕೂಟರಿನ ಹಿಂದೆ ಕೂತು ಹೊರಟ. ಹಾಲ್‌ನಲ್ಲಿ ಸಿರಿಯ ಮೂವರು ಗೆಳತಿಯರು ಕುರ್ಚಿ ಹಾಕಿಕೊಟ್ಟು, ಟೀ ತಂದುಕೊಟ್ಟು, "ತಾತ ನೀವೇ ಒಂದ್ಸಲ ತಳ್ಳಿ" ಎಂದು ಉಬ್ಬಿಸಿದರು. ಉಬ್ಬದೆ ಇರುವ ಆಸಾಮಿಯೇ ಅವನು? ಪಂಚೆ ಎತ್ತಿ ಕಟ್ಟಿ, ಬಗ್ಗಿ, ತಳ್ಳಿದ. ಕಲ್ಲು ವೃತ್ತವನ್ನು ಕಣ್ಣೆತ್ತಿಯೂ ನೋಡದೆ ಹಾಯ್ದು ಗೋಡೆ ಪಕ್ಕದ ಬೆಂಚಿಗೆ ಬಡಿಯಿತು. ಬೆಂಚಿನ ಮೇಲಿದ್ದ ನೀರಿನ ಬಾಟಲಿ ಉರುಳಿತು. ಎರಡನೆಯದೂ ಅದೇ ದಾರಿ ಹಿಡಿಯಿತು. ಮೂರನೆಯ ಸಲ ಕೈ ಬಿಗಿಹಿಡಿದು ತಳ್ಳಿದರೆ ಕಲ್ಲು ಅರ್ಧ ದಾರಿಯಲ್ಲೇ ನಿಂತುಬಿಟ್ಟಿತು. ಅವನ ತೋಳಿಗೆ ಇರುವ ಬಲವನ್ನೆಲ್ಲ ಹಾಕಿ ಗೊತ್ತಿತ್ತೇ ಹೊರತು, ಅಳೆದು ಒಂದಿಷ್ಟೇ ಹಾಕಿ ಗೊತ್ತಿರಲಿಲ್ಲ.

ಆಮೇಲೆ ಸಿರಿ ಬಗ್ಗಿದಳು. ಒಂದು ಕಣ್ಣು ಕಿರಿದು ಮಾಡಿ ನೋಡಿ ಕೈಬಿಟ್ಟಳು. ಕಲ್ಲು ಅವಸರವಿಲ್ಲದೆ ಸಾಗಿ, ವೃತ್ತದ ನಡುವೆ ಗೆಳತಿಯರು ಇಟ್ಟಿದ್ದ ಕೆಂಪು ಕಲ್ಲನ್ನು ಹೊರಗೆ ಸರಿಸಿ, ಅದರ ಜಾಗದಲ್ಲಿ ತಾನು ಕೂತಿತು. ಬೋರಲಿಂಗಯ್ಯನ ಬಾಯಿಗೆ 'ಭಲೇ' ಎಂಬ ಮಾತು ಬಂದೇಬಿಟ್ಟಿತ್ತು. ಮೂರು ಸಲ ಸೋತವನಿಗೆ ಅದನ್ನು ಆಡಲು ಮನಸ್ಸು ಬರಲಿಲ್ಲ.

"ಬೆವ್ರೇ ಬರ್ನಿಲ್ವಲ್ಲವ್ವಾ ನಿಂಗೆ" ಎಂದ, ಎಲ್ಲರಿಗೂ ಕೇಳುವಂತೆ. "ಇದು ಆಟ ಅಲ್ಲ ಕಣವ್ವಾ. ಸಾಮಾನು ಆಕಡೆಯಿಂದ ಈಕಡೆಗೆ ತಳ್ಳೋ ಮನೆಗೆಲ್ಸ."

ಗೆಳತಿಯರಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ಸಿರಿಯ ಮುಖ ಕೆಂಪಾಯಿತು. ಅವಳು ಫಾರಂ ಮಡಚಿ ಬ್ಯಾಗಿನ ತಳಕ್ಕೆ ತುರುಕಿದಳು. ತಾತನನ್ನು ಕೂರಿಸಿಕೊಂಡು ಮನೆಗೆ ಸ್ಕೂಟರು ಬಿಟ್ಟಳು.

ಹೆಂಡತಿ ಬೋರಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಸಿರಿ ನೇರವಾಗಿ ರೇಷ್ಮೆಯ ಹುಳುಮನೆ ಕಡೆ ಹೋದದ್ದನ್ನು ನೋಡಿ, "ಏನಂದ್ರಿ ಮಗೀಗೆ?" ಎಂದಳು. ಬೋರಲಿಂಗಯ್ಯ ಅಂದದ್ದನ್ನೆಲ್ಲ ಒಂದು ಅಕ್ಷರ ಬಿಡದೆ, ಕೊಂಚ ಜಂಬದಿಂದಲೇ ಹೇಳಿದ. ಬೋರಮ್ಮನ ಕೈ ನಿಂತಿತು.

"ನಮ್ಮ ಮದ್ವೆಯಾದ ವರ್ಸ ಪೋಲೀಸ್ ಕೆಲ್ಸಕ್ಕೆ ಅಂತ ಬೆಂಗ್ಳೂರಿಗೆ ಹೋಗಿದ್ರಲ್ಲ. ಗ್ಯಾನ ಐತಾ?"

ಜ್ಞಾಪಕವಿಲ್ಲದೆ ಏನು? ಆಟದಲ್ಲಿ ಹೆಸರು ಮಾಡಿದವರು ಬೇರೆ ಸಾಲಿನಲ್ಲಿ ನಿಲ್ಲಿ ಎಂದಿದ್ದರು. ಇಪ್ಪತ್ತೆರಡರ ಬೋರಲಿಂಗಯ್ಯ ಎದೆಯುಬ್ಬಿಸಿ ನಿಂತಿದ್ದ. ಯಾವ ಆಟ ಎಂದು ಕೇಳಿದಾಗ ಗುಂಡುಕಲ್ಲು ಎತ್ತುವುದು ಎಂದ. ಮೇಜಿನ ಹಿಂದಿದ್ದವನು ಪೆನ್ನು ಕೆಳಗಿಟ್ಟು, "ಕಲ್ಲು ಎತ್ತೋದು ಕೂಲಿ ಕೆಲಸ ಕಣಯ್ಯಾ, ಅದು ಆಟ ಹೇಗಾಗುತ್ತೆ?" ಎಂದಿದ್ದ. ಇಡೀ ಸಾಲು ನಕ್ಕಿತ್ತು. ಹಾಗೆಂದವನ ಮುಖ ಮರೆತುಹೋಗಿದೆ, ಆ ನಗು ಮರೆತಿಲ್ಲ. ಅದನ್ನು ಒಂದೇ ಒಂದು ಸಲ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದ. ನಲವತ್ತಾರು ವರ್ಷ ಅವಳು ಆ ಮಾತೆತ್ತಿರಲಿಲ್ಲ.

"ಆವತ್ತು ಅಂಗಂದೋನು ಯಾರೋ ದಾರೀಲಿ ಹೋಗೋನು" ಎಂದಳು ಬೋರಮ್ಮ. "ನೀವು ಅವ್ಳ ತಾತ."

ಬೋರಲಿಂಗಯ್ಯನ ಜಂಬವೆಲ್ಲ ಇಳಿದುಹೋಯಿತು. ತಾನು ಮಾಡಿದ್ದು ಎಂಥದ್ದು ಎಂದು ಅರ್ಥವಾಯಿತು. ಟವೆಲ್ಲಿನಿಂದ ಮುಖ ಒರೆಸಿಕೊಂಡು ಎದ್ದ.

ಹುಳುಮನೆಯಲ್ಲಿ ಸಿರಿ ರೇಷ್ಮೆಹುಳುಗಳಿಗೆ ಸೊಪ್ಪು ಹರಡುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು, "ಫಾರಂ ಕೊಡವ್ವಾ" ಎಂದ. ಅವಳು ತಂದುಕೊಟ್ಟಾಗ ಕಂಬಕ್ಕೆ ಒತ್ತಿ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದ.

"ಈಗ ಆಟ ಅನ್ಸ್ತಾ ತಾತ?"

"ಇಲ್ಲ ಕಣವ್ವಾ. ಸುಳ್ಳು ಯಾಕೇಳ್ಲಿ, ಇನ್ನೂ ಅನ್ಸಿಲ್ಲ" ಎಂದ ಬೋರಲಿಂಗಯ್ಯ. "ಆದ್ರೆ ಆಡೋಳು ನೀನು. ಅಲ್ಲ ಅನ್ನಾಕೆ ನಾನ್ಯಾರು?"

ಸಿರಿ ಸೊಪ್ಪಿನ ಕೈಯಲ್ಲೇ ಅವನ ತೋಳು ಹಿಡಿದುಕೊಂಡಳು. ಅಳು ಬಂದದ್ದು ಅವಳಿಗೋ ತನಗೋ ಅವನಿಗೆ ತಿಳಿಯಲಿಲ್ಲ.

"ಸೋಮವಾರ ಸ್ಕೂಟ್ರಲ್ಲಿ ನನ್ನೂ ಕೂರುಸ್ಕಂಡು ಹೋಗು."

"ಯಾಕೆ ತಾತ?"

"ನಿನ್ ಗೆಳತೀರ ಮುಂದೆ ಆಡಿದ್ ಮಾತು. ಅವ್ರ ಮುಂದೇನೇ ವಾಪಸ್ ತಗಬೇಕು" ಎಂದ ಬೋರಲಿಂಗಯ್ಯ. "ನನ್ಗಂದಿದ್ ಮಾತ್ನ ಯಾರೂ ವಾಪಸ್ ತಗಳ್ಲಿಲ್ಲ ಕಣವ್ವಾ."