"ನೋವಿಲ್ಲ ಸಾರ್"

"ನೋವು ಎಂತಾದ್ರೂ ಇದ್ಯಾ, ಜಟ್ಟಿಂಗಪ್ಪ?"

ಡಾಕ್ಟರ್ ಸುಬ್ಬರಾಯರು ತಲೆಯೆತ್ತದೆ ಕೇಳಿದರು. ಅದು ಎಂಬತ್ತೇಳರ ಬೇಸಿಗೆ. ಸೊಂಟಕ್ಕೆ ಹೊಸ ಕೀಲು ಹಾಕಿಸಿಕೊಂಡವರನ್ನೆಲ್ಲ ವರ್ಷಕ್ಕೊಮ್ಮೆ ಅರಳಸುರಳಿ ಶಾಲೆಯ ಜಗಲಿಗೆ ಕರೆಸಿ, ಹೇಗಿದ್ದಾರೆಂದು ಅವರು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಿದ್ದರು. ಹಿಂದಿನ ಎರಡು ಸಲವೂ ಜಟ್ಟಿಂಗಪ್ಪ "ನೋವಿಲ್ಲ ಸಾರ್" ಅಂದಿದ್ದ. ತೆವಳುತ್ತಿದ್ದವನನ್ನು ಎದ್ದು ನಿಲ್ಲಿಸಿದವರ ಎದುರು ಬೇರೆ ಏನು ಹೇಳುವುದು? ಹೋದ ಸಲ ಹಾಗೆನ್ನುವಾಗಲೇ ತೊಡೆಯೊಳಗೆ ಕೀಲು ಅಲುಗಾಡಲು ಶುರುವಾಗಿತ್ತು.

ಈ ಸಲ ಅಂಗಳದಲ್ಲಿ ಜೀಪು ನಿಂತಿತ್ತು. ಅವನ ತಂಗಿ ದುಗ್ಗಮ್ಮನನ್ನು ಅದೇ ಆಪರೇಷನ್ನಿಗೆಂದು ಘಟ್ಟದ ಕೆಳಗಿನ ಆಸ್ಪತ್ರೆಗೆ ಒಯ್ಯುವುದಿತ್ತು. ಅಣ್ಣನ ಕಾಯಿಲೆಯೇ ಅವಳಿಗೂ ಬಂದು, ಇಪ್ಪತ್ತು ತುಂಬುವುದರೊಳಗೆ ಸೊಂಟದ ಮೂಳೆ ಸವೆದುಹೋಗಿತ್ತು. ಇವತ್ತು ಬೆಳಗ್ಗೆಯೇ ತಲೆ ಬಾಚಿ, ಹೂ ಮುಡಿದು, ಜಗಲಿಯ ಆ ತುದಿಯಲ್ಲಿ ಕೂತಿದ್ದಳು.

ಹೇಳಿದರೆ ತಂಗಿಯ ಆಪರೇಷನ್ ನಿಂತೀತು. ಹೇಳದಿದ್ದರೆ ಅಂಥದ್ದೇ ಕೀಲು ಅವಳ ಮೈಯೊಳಗೂ ಹೋದೀತು.

"ಇದೆ ಸಾರ್. ಕಾಲೂರಿದ್ರೆ ಒಳಗೆ ಸಡ್ಲ ಆದಂಗೆ ಆಗ್ತದೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ಅವನನ್ನು ಬೆಂಚಿನ ಮೇಲೆ ಮಲಗಿಸಿ ಕಾಲು ತಿರುಗಿಸಿದರು. ಅವನು ಹಲ್ಲು ಕಚ್ಚಿದ.

"ಮುಂಚೇನೇ ಯಾಕಪ್ಪ ಹೇಳ್ಲಿಲ್ಲ?"

"ನಿಮಗೆ ಬೇಜಾರಾಗ್ತದೆ ಅಂತ."

ಡಾಕ್ಟರು ಎದ್ದು ಅಂಗಳಕ್ಕಿಳಿದರು. ಜಟ್ಟಿಂಗಪ್ಪನಂತೆಯೇ ಕೀಲು ಹಾಕಿಸಿಕೊಂಡಿದ್ದ, ಚೆನ್ನಾಗಿದ್ದೇನೆಂದು ಬರೆಸಿ ಆಗಲೇ ಹೊರಟಿದ್ದ ಮಾರಪ್ಪನನ್ನು ವಾಪಸು ಕರೆದು, ಅಂಗಳದಲ್ಲಿ ನಡೆಸಿ ನೋಡಿದರು. ಅರ್ಧಕ್ಕೇ ಅವನು ಜೀಪಿಗೆ ಕೈಯಾನಿಸಿ ನಿಂತ.

"ನಂದೂ ಹಂಗೇ ಸಾರ್."

"ಇಬ್ಬರಿಗೂ ಒಂದೇ ಥರದ ಕೀಲು ಹಾಕಿದ್ದು," ಎಂದರು ಡಾಕ್ಟರು. ಅವರ ದನಿ ಕುಗ್ಗಿತ್ತು. "ಏನಾಗಿದೆ ಅಂತ ತಿಳಿಯೋ ತನಕ ದುಗ್ಗಮ್ಮಂಗೆ ಹಾಕೋ ಧೈರ್ಯ ನನಗಿಲ್ಲ. ಜಟ್ಟಿಂಗಪ್ಪ, ಇವತ್ತು ನೀನು ಜೀಪು ಹತ್ತು. ನಿನ್ನ ಕಾಲು ಮೊದಲು ಬಿಚ್ಚಿ ನೋಡ್ಬೇಕು. ಮಾರಪ್ಪ ಆಮೇಲೆ ಬರ್ಲಿ."

ದುಗ್ಗಮ್ಮ ಅಣ್ಣನನ್ನೇ ನೋಡಿದಳು.

"ನೀನು ಮೂರು ವರ್ಷ ನಡ್ದೆ. ನಂಗೆ ಒಂದು ವರ್ಷನಾದ್ರೂ ನಡೆಯೋಕೆ ಬಿಡ್ಬಾರ್ದಿತ್ತಾ, ಅಣ್ಣಾ?"

"ನಿಂಗೋಸ್ಕರಾನೇ..." ಅಂದ.

ಡ್ರೈವರೂ ಡಾಕ್ಟರೂ ಸೇರಿ ಅವನನ್ನು, ಅವಳಿಗೆಂದು ಹಾಸಿದ್ದ ಕಂಬಳಿಯ ಮೇಲೆ ಮಲಗಿಸಿದರು. ಜೀಪು ತಿರುಗುವಾಗ ಅವನು ಕತ್ತೆತ್ತಿ ನೋಡಿದ. ಜಗಲಿಗೆ ಬಿಸಿಲು ಬಂದಿತ್ತು. ದುಗ್ಗಮ್ಮ ಎರಡೂ ಕೈಯೂರಿ, ಗೋಡೆಯ ಬದಿಯ ನೆರಳಿಗೆ ಸರಿಯುತ್ತಿದ್ದಳು.