ಐವತ್ತೆಂಟು ಕಿಲೋ ದೇವಿಕಾ

"ಇವನೇನ್ರಿ ಸೋದರಮಾವ? ಇಂವ ಮದುಮಗಳನ್ನ ಎತ್ತತಾನೋ, ಇಲ್ಲ ಮದುಮಗಳೇ ಇವನನ್ನ ಬಗಲಾಗ ಇಟ್ಕೊಂಡು ಬರ್ತಾಳೋ?"

ಕೊಂಕಲ್ ರಾಮಣ್ಣ ಈ ಮಾತು ಹೇಳಿದ್ದು ಸುರಪುರದ ನಮ್ಮ ಮನೆಯ ಪಡಸಾಲೆಯಲ್ಲಿ, ನಿಶ್ಚಯದ ದಿನ, ಎರಡೂ ಕಡೆಯ ನಲವತ್ತು ಮಂದಿ ಮಂಡಕ್ಕಿಯ ಸುಸಲಾ ತಿನ್ನುತ್ತ ಕುಳಿತಿದ್ದಾಗ. ರಾಮಣ್ಣ ವರನ ದೊಡ್ಡಪ್ಪ, ಕೊಂಕಲ್ ಅವರ ಊರು. ಮದುಮಗಳು ನನ್ನ ಅಕ್ಕನ ಮಗಳು ದೇವಿಕಾ. ಸೋದರಮಾವ ನಾನು, ತಿರುಪತಿ. ವಯಸ್ಸು ಇಪ್ಪತ್ಮೂರು, ತೂಕ ಐವತ್ತೊಂದು.

ನಮ್ಮ ಮನೆತನದಲ್ಲಿ ಮದುವೆಯ ದಿನ ಮದುಮಗಳ ಕಾಲು ನೆಲಕ್ಕೆ ತಾಗಬಾರದು. ಕೋಣೆಯಿಂದ ಮಂಟಪದ ತನಕ ಸೋದರಮಾವನೇ ಎತ್ತಿಕೊಂಡು ಬರಬೇಕು. ಅಕ್ಕ ಮಲ್ಲಾಬಾಯಿಗೆ ನಾನೊಬ್ಬನೇ ತಮ್ಮ.

"ನಾನೇ ಎತ್ತತೀನಿ," ಅಂದೆ.

"ಏನ್ ಎತ್ತತಿ, ಫೋನಾ?" ಅಂದ ರಾಮಣ್ಣ. "ಆಗಲಿಲ್ಲಂದ್ರ ಹೇಳಪಾ, ನಾಚಿಕಿ ಬ್ಯಾಡ. ಒಂದು ಕುರ್ಚಿ ತರಸ್ತೀವಿ. ಹುಡುಗಿನ ಕುಂದ್ರಿಸಿ ನಾಲ್ಕು ಮಂದಿ ಹೊತ್ಕೊಂಡು ಬರ್ರಿ."

ನಲವತ್ತು ಮಂದಿ ನಕ್ಕರು. ದೇವಿಕಾಳೂ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ನನಗೆ ಕಾಣಿಸಲಿಲ್ಲ ಅಂದುಕೊಂಡಿದ್ದಾಳೆ.

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಮನೆಯ ಯಾವ ಕಾರ್ಯವಿರಲಿ, ನನ್ನ ಪಾಲಿಗೆ ಬರುವುದು ಕುರ್ಚಿ ಹಾಕುವುದು, ನೀರಿನ ಬಾಟಲಿ ಹಂಚುವುದು. ನನ್ನ ಹೆಸರಿಗೇ ಬರೆದಿಟ್ಟಂಥ ಕೆಲಸ ಇಡೀ ಜನ್ಮದಲ್ಲಿ ಇದೊಂದೇ ಇತ್ತು. ಅದನ್ನೂ ಕುರ್ಚಿಗೆ ಕೊಡುತ್ತಾರಂತೆ. ಅವತ್ತು ನಾನು ಸುಸಲಾ ತಟ್ಟೆಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೆಂದರೆ ತಟ್ಟೆ ಬಾಗಿತು. ಕಾಗದದ ತಟ್ಟೆ, ಆದರೂ.

ಮದುವೆಗೆ ಎಪ್ಪತ್ತೆಂಟು ದಿನ ಇತ್ತು.

ಮರುದಿನ ದೇವಿಕಾಳನ್ನು ಕರೆದುಕೊಂಡು ಹೋಗಿ ರೇಷನ್ ಅಂಗಡಿಯ ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ಐವತ್ತೆಂಟು.

"ಮಷಿನ್ ಕೆಟ್ಟದ," ಅಂದಳು ದೇವಿಕಾ. "ಮತ್ತ ನನ್ನ ಚಪ್ಪಲಿ ತೂಕಾನೂ ತೆಗೀಬೇಕು ಮಾಮ."

"ಚಪ್ಪಲಿ ಏಳು ಕಿಲೋ ಅದಾವೇನ?"

"ನೀ ಕೊಡಿಸಿದ್ದು. ಅಗ್ಗದ ಮಾಲು, ಭಾರ ಇರ್ತದ."

ನಾನು ಕೆಲಸ ಮಾಡುವುದು ಶಹಾಪುರ ಬಸ್ ಸ್ಟ್ಯಾಂಡ್ ಹತ್ತಿರ, ಆಸೀಫನ ಮೊಬೈಲ್ ರಿಪೇರಿ ಅಂಗಡಿಯಲ್ಲಿ. ಅಲ್ಲಿ ದಿನಕ್ಕೆ ನಾನು ಎತ್ತುವ ಅತಿ ಭಾರದ ವಸ್ತು ಚಹಾದ ಕಪ್ಪು. ಹೀಗಾಗಿ ಭಾರ ಎತ್ತುವುದನ್ನು ಫೋನಿನಲ್ಲೇ ಕಲಿಯಲು ಕುಳಿತೆ. ಮೂರು ದಿನದಲ್ಲಿ ಮೂವತ್ತೆರಡು ವಿಡಿಯೋ ನೋಡಿದೆ. ಒಬ್ಬ ವಾರಕ್ಕೆ ಆರು ದಿನ ಅಂದ: ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಭುಜ. ಗುರುವಾರ ಬರುವಷ್ಟರಲ್ಲಿ ನನ್ನ ಮೈಯ ಭಾಗಗಳೇ ಖಾಲಿಯಾದವು. ಇನ್ನೊಬ್ಬ ಅದೆಲ್ಲ ಸುಳ್ಳು, ಇಡೀ ಮೈಗೆ ಒಂದೇ ದಿನ ಅಂದ. ಮತ್ತೊಬ್ಬ ಅಂಗಿ ಬಿಚ್ಚಿ ಬರೀ ಬೈದ. ಏನು ಮಾಡಬೇಕೆಂದು ಕೊನೆಯವರೆಗೂ ಹೇಳಲಿಲ್ಲ.

"ಬೈಸೆಪ್ಸ್ ಮಾಡಲೇ," ಅಂದ ಆಸೀಫ್. "ಮದಿವಿ ಫೋಟೋದಾಗ ತೋಳು ಕಾಣಬೇಕು."

"ತೋಳು ತೋರಿಸೂದು ಅಲ್ಲಲೇ, ಹುಡುಗಿನ ಎತ್ತೂದು ಅದ."

"ಹಂಗಾದ್ರ ಹುಡುಗಿನ ಎತ್ತು. ದಿನಾ ಎತ್ತು."

ದೇವಿಕಾ ಒಪ್ಪಲಿಲ್ಲ. ಕೆಡವಿ ಕಾಲು ಮುರಿದರೆ ಕುರ್ಚಿಯೂ ಸಾಲದು, ಮಂಚ ಬೇಕಾಗುತ್ತದೆ ಅಂದಳು. ಆದರೆ ಆಸೀಫನ ಮಾತು ನನ್ನ ತಲೆಯಲ್ಲಿ ಉಳಿಯಿತು. ಮನೆಯ ಒಳಕೋಣೆಯ ಕತ್ತಲಲ್ಲಿ ಒಂದು ಜೋಳದ ಚೀಲ ಇತ್ತು. ಐವತ್ತು ಕಿಲೋ. ವಿಡಿಯೋ ಬೇಡ, ಫೀಸು ಬೇಡ. ದಿನಾ ಬೆಳಿಗ್ಗೆ ಶಹಾಪುರದ ಬಸ್ಸಿಗೆ ಮೊದಲು ಆ ಚೀಲವನ್ನು ಹತ್ತು ಸಲ ಎತ್ತುವುದು. ಇದೇ ನನ್ನ ಕಸರತ್ತು ಎಂದು ನಿರ್ಧರಿಸಿಬಿಟ್ಟೆ.

ಮೊದಲ ದಿನ ಚೀಲ ಅಲುಗಾಡಲಿಲ್ಲ. ನಾನು ಅಲುಗಾಡಿದೆ. ನಾಲ್ಕನೇ ದಿನ ಮೊಣಕಾಲಿನ ತನಕ ಬಂತು. ಹತ್ತನೇ ದಿನ ಎದೆಗೆ ಬಂತು. ಹದಿನೈದನೇ ದಿನ ನನ್ನ ಎರಡೂ ತೋಳು ಚೀಲವನ್ನು ಬಳಸಿ ಆಚೆ ಬದಿಯಲ್ಲಿ ಬೆರಳಿಗೆ ಬೆರಳು ಸಿಕ್ಕವು. ನನ್ನ ತೋಳು ಉದ್ದವಾಗುತ್ತಿವೆ ಎಂದುಕೊಂಡೆ. ಆಣೆ ಮಾಡಿ ಹೇಳುತ್ತೇನೆ, ಹಾಗೇ ಅಂದುಕೊಂಡೆ. ಬಸ್ಸಿನಲ್ಲಿ ಕಂಡಕ್ಟರನ ಜೊತೆ ಸೀಟಿಗಾಗಿ ಜಗಳ ತೆಗೆದೆ. ಅಂಗಡಿಯಲ್ಲಿ ಎಲ್ಲರ ಫೋನಿನ ಹಿಂಬದಿಯನ್ನು ಉಗುರಿನಿಂದಲೇ ತೆಗೆಯತೊಡಗಿದೆ. ಎರಡು ಒಡೆದವು. ಆಸೀಫನ ಸ್ಟೂಲನ್ನು, ಅದರ ಮೇಲೆ ಅವನಿರುವಾಗಲೇ, ಒಂದು ಗೇಣು ಎತ್ತಿದೆ.

ಇಪ್ಪತ್ತೆಂಟನೇ ದಿನ ಅಕ್ಕನನ್ನೂ ದೇವಿಕಾಳನ್ನೂ ಒಳಕೋಣೆಗೆ ಕರೆದೆ. "ನೋಡ್ರಿ," ಅಂದೆ. ಚೀಲವನ್ನು ಎದೆಗೆ ತಂದೆ, ಅಲ್ಲಿಂದ ಭುಜಕ್ಕೆ, ಭುಜದಿಂದ ತಲೆಯ ಮೇಲಕ್ಕೆ. ಮೇಲೆ ಹಿಡಿದು ನಿಂತೆ. "ಕೊಂಕಲ್‌ಗೆ ಫೋನ್ ಹಚ್ಚಿ ಹೇಳು ಅಕ್ಕ, ಕುರ್ಚಿ ಅಡವಿಗಿ ಒಗೀರಿ ಅಂತ."

ಅಕ್ಕ ಚೀಲದ ಹತ್ತಿರ ಬಂದಳು. ಅವಳ ಕೈಯಲ್ಲಿ ಒಂದು ಡಬ್ಬಿ ಇತ್ತು.

"ಅದನ್ನ ಕೆಳಗ ಇಳಸೋ," ಅಂದಳು. "ಗಿರಣಿಗಿ ಹೊತ್ತಾತು. ಇವತ್ತಿನ ಜ್ವಾಳ ತಗೀಬೇಕು."

ಚೀಲ ತಲೆಯ ಮೇಲೆ ಇದ್ದಂತೆಯೇ ನಾನು ಕೇಳಿದೆ. "ಇವತ್ತಿಂದು ಅಂದ್ರ?"

"ದಿನಾ ಒಂದು ಡಬ್ಬಿ ತಗೀತೀನಿ. ಮತ್ತ ರೊಟ್ಟಿ ಎಲ್ಲಿಂದ ಬರ್ತಾವ?"

ದೇವಿಕಾ ಮೊದಲು ಗೋಡೆ ಹಿಡಿದಳು, ಆಮೇಲೆ ನೆಲ ಹಿಡಿದಳು. ನಗು ಅವಳ ಬಾಯಿಂದ ಹೊರಗೆ ಬರಲೂ ಆಗದೆ ಒಳಗೇ ಶಿಳ್ಳೆ ಹೊಡೆಯಿತು. "ಮಾಮ, ಇನ್ನ ಒಂದು ತಿಂಗಳು ತಡಿ," ಅಂದಳು ಕೊನೆಗೆ. "ಬರೀ ಚೀಲ ಉಳೀತದ. ಕಿರುಬೆರಳಾಗ ಎತ್ತತಿ."

ತೂಗಿದರೆ ಇಪ್ಪತ್ತೆರಡು ಕಿಲೋ. ಇಪ್ಪತ್ತೆಂಟು ದಿನ ನಾನು ದಿನಾ ಎರಡು ಹೊತ್ತು ಐದು ರೊಟ್ಟಿ ತಿಂದು, ಆ ರೊಟ್ಟಿಯಿಂದಲೇ ಹಗುರಾಗುತ್ತಿದ್ದ ಚೀಲವನ್ನು ಎತ್ತಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಎಷ್ಟು ಬಂತೆಂದರೆ ಅವತ್ತು ರೊಟ್ಟಿ ಮುಟ್ಟಲಿಲ್ಲ. ಅನ್ನ ತಿಂದೆ.

ಶಹಾಪುರದಲ್ಲಿ ಬೀಜ ಗೊಬ್ಬರದ ಅಂಗಡಿಯ ಮಾಳಿಗೆ ಮೇಲೆ ಮುಸ್ತಫಾ ಚಾಚಾನ ಜಿಮ್ ಇದೆ. ಹತ್ತಿ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ಹಮಾಲಿ ಮಾಡಿದ ಮನುಷ್ಯ. ಬಿಳಿ ಗಡ್ಡ, ಬಾಗಿಲಿನಷ್ಟು ಅಗಲದ ಬೆನ್ನು.

"ಏನ್ ಬೇಕು ಬೇಟಾ? ತೋಳು ಬೇಕೋ, ಎದಿ ಬೇಕೋ?"

"ಎತ್ತೂದು ಬೇಕು ಚಾಚಾ."

"ಏನನ್ನ?"

"ನಮ್ಮ ಅಕ್ಕನ ಮಗಳನ್ನ."

ಕಬ್ಬಿಣದ ಸದ್ದು ನಿಂತಿತು. ಕನ್ನಡಿಯ ಮುಂದೆ ಇದ್ದ ಮೂವರೂ ತಿರುಗಿ ನೋಡಿದರು. ಚಾಚಾ ಮಾತ್ರ ನಗಲಿಲ್ಲ. ಕಿವಿಯಿಂದ ಪೆನ್ಸಿಲ್ ತೆಗೆದ.

"ಎಷ್ಟು ಕಿಲೋ?"

"ಐವತ್ತೆಂಟು."

"ರೇಷ್ಮಿ ಸೀರಿ, ಬಂಗಾರ, ತಲಿ ತುಂಬ ಹೂವು. ಅರವತ್ತೆರಡು ಹಿಡಿ. ಎಷ್ಟು ದೂರ?"

"ಕೋಣಿಯಿಂದ ಸ್ಟೇಜಿನ ಮಟ. ಆರು ಮೆಟ್ಟಿಲು."

"ಎಷ್ಟು ದಿನ ಅದ?"

"ನಲವತ್ತೈದು."

ಅವನು ಗೊಬ್ಬರದ ರಸೀದಿಯ ಹಿಂದೆ ಬರೆದುಕೊಟ್ಟ. ವಾರಕ್ಕೆ ಮೂರು ದಿನ. ಭಾರ ಹೊತ್ತು ಕೂತು ಏಳುವುದು, ನೆಲದಿಂದ ಎತ್ತುವುದು, ತಲೆಯ ಮೇಲೆ ಒತ್ತುವುದು. ಅಷ್ಟೇ. ನನಗೆ ಮತ್ತೆ ಸಿಟ್ಟು ಬಂತು. ಮೂವತ್ತೆರಡು ವಿಡಿಯೋ ನೋಡಿದವನು ನಾನು.

"ಇಷ್ಟೇನು ಚಾಚಾ? ದಿನಾ ಬರ್ತೀನಿ. ಎರಡು ಹೊತ್ತು ಬರ್ತೀನಿ."

"ದಿನಾ ಬಂದಿ ಅಂದ್ರ ಒಂದು ವಾರಕ್ಕ ಮಲಗತಿ. ಇವತ್ತು ಖಾಲಿ ರಾಡು ಎತ್ತು, ಇಪ್ಪತ್ತು ಕಿಲೋ. ನೆಲದಿಂದ ಎತ್ತೂದಕ್ಕ ಪ್ರತಿ ಸಲ ಎರಡೂವರಿ ಕಿಲೋ ಏರಸ್ತೀನಿ. ನಿಮ್ಮ ಮನಿ ಚೀಲ ಇಳೀತಿತ್ತು. ಇದು ಏರ್ತದ. ಫರಕ್ ಇಷ್ಟೇ."

ಚೀಲದ ಸುದ್ದಿ ಅವನ ತನಕ ಬಂದಿತ್ತು. ಆಸೀಫನ ಬಾಯಿ.

"ಇನ್ನೊಂದು," ಅಂದ ಚಾಚಾ. "ಎತ್ತಿದಾಗ ಉಸಿರು ಹೊಟ್ಟಿ ಒಳಗ ಬಿಗಿ ಹಿಡಿ. ನಡಿವಾಗ ಮೂಗಿನಾಗ ಸಣ್ಣ ಉಸಿರು. ಬಾಯಿ ಬಂದ್. ಮಾತಾಡಿದಿ ಅಂದ್ರ ಹೊಟ್ಟಿ ಸಡಲ ಆಗ್ತದ, ಹುಡುಗಿ ಕೆಳಗ ಬೀಳ್ತಾಳ."

ರಾಡು ಎತ್ತುವುದು ಸುಲಭ. ಬಾಯಿ ಬಂದ್ ಮಾಡುವುದು ನನಗೆ ಬರದ ವಿದ್ಯೆ. ಪ್ರತಿ ಎರಡೂವರೆ ಕಿಲೋಗೆ ರಾಮಣ್ಣನಿಗೊಂದು ಉತ್ತರ ಮನಸ್ಸಿನಲ್ಲಿ ತಯಾರಾಗುತ್ತಿತ್ತು. ಮೂವತ್ತು ಕಿಲೋದ ದಿನ ಅವನ ಮೀಸೆಯ ಬಗ್ಗೆ, ನಲವತ್ತಕ್ಕೆ ಕುರ್ಚಿಯ ಬಗ್ಗೆ, ಐವತ್ತಕ್ಕೆ ಅವನ ಮುತ್ತಾತನ ತನಕ ಹೋದೆ. ಒಂದು ದಿನ ತಡೆಯಲಾರದೆ ರಾಡು ಎತ್ತಿದಾಗಲೇ ಒಂದು ಉತ್ತರವನ್ನು ಜೋರಾಗಿ ಅಂದುಬಿಟ್ಟೆ. ರಾಡು ಕೈಬಿಟ್ಟು ದಬ್ಬನೆ ಬಿತ್ತು. ಕೆಳಗಿನ ಅಂಗಡಿಯವನು ಭೂಕಂಪ ಎಂದು ಬೀದಿಗೆ ಓಡಿದ.

ಮನೆಯಲ್ಲೂ ಬದಲಾಯಿತು. ಅಕ್ಕ ಹೊಸ ಜೋಳದ ಚೀಲ ತರಿಸಿದಳು, ಅದರ ಹೊಲಿಗೆ ಬಿಚ್ಚಲಿಲ್ಲ. ಹಳೆಯದು ಮುಗಿದ ಮೇಲೂ ಬಿಚ್ಚಲಿಲ್ಲ. ಪಕ್ಕದ ಮನೆಯ ಸರ್ವರಬೇಗಂ ಹತ್ತಿರ ಡಬ್ಬಿಗಟ್ಟಲೆ ಜೋಳ ಕೈಗಡ ತಂದು ರೊಟ್ಟಿ ಬಡಿದಳು. ನನಗೆ ಹೇಳಲಿಲ್ಲ. ಅಬ್ಬೆತುಮಕೂರಿನ ಮಠಕ್ಕೆ ಹೋಗಿ ಕಾಯಿ ಒಡೆದು, ತಮ್ಮನ ಸೊಂಟ ಉಳಿಯಲಿ ಎಂದು ಬೇಡಿಕೊಂಡು ಬಂದದ್ದನ್ನು ಮಾತ್ರ ಊರಿಗೆಲ್ಲ ಹೇಳಿದಳು.

ಹದಿನೆಂಟನೇ ಸಲ ಏರಿಸಿದ ಮೇಲೆ ರಾಡು ಅರವತ್ತೈದು ಕಿಲೋ. ನೆಲ ಬಿಟ್ಟು ಎದ್ದಿತು. ಚಾಚಾ ರಸೀದಿಯನ್ನು ಹರಿದು ಹಾಕಿದ. "ಹೋಗು, ಮದಿವಿ ಮಾಡು," ಅಂದ.

ಮದುವೆ ಯಾದಗಿರಿಯಲ್ಲಿ, ಸ್ಟೇಷನ್ ಕಡೆಯ ಕಲ್ಯಾಣ ಮಂಟಪದಲ್ಲಿ. ಕೋಣೆಯಿಂದ ಹೊರಗೆ ನೋಡಿದೆ. ನಾನೂರು ಜನ. ಸ್ಟೇಜಿನ ಮೆಟ್ಟಿಲ ಪಕ್ಕದಲ್ಲೇ ರಾಮಣ್ಣ ಕೂತಿದ್ದ. ಅವನ ಪಕ್ಕದಲ್ಲಿ ಒಂದು ಖಾಲಿ ಕುರ್ಚಿ, ಹೂವಿನ ಮಾಲೆ ಹಾಕಿದ್ದು. ನಿಜವಾಗಿ ತರಿಸಿದ್ದ.

"ಮಾಮ," ಅಂದಳು ದೇವಿಕಾ. "ಮುಂಜಾನಿಂದ ನೀರೂ ಕುಡದಿಲ್ಲ ನಾ. ನಿನಗ ಅರ್ಧ ಕಿಲೋ ಕಡಿಮಿ ಆಗಲಿ ಅಂತ."

ಕಾಲು ಅಗಲಿಸಿದೆ, ಮೊಣಕಾಲು ಮಡಚಿದೆ, ಉಸಿರು ಹೊಟ್ಟೆಗೆ ಇಳಿಸಿದೆ, ಅವಳನ್ನು ಎತ್ತಿದೆ. ಎದ್ದಳು. ಎಷ್ಟು ಸಲೀಸಾಗಿ ಎದ್ದಳೆಂದರೆ ಅಕ್ಕ ಡಬ್ಬಿ ಹಿಡಿದು ಇವಳನ್ನೂ ಖಾಲಿ ಮಾಡಿದಳೋ ಏನೋ ಎಂದು ಒಂದು ಕ್ಷಣ ಅನುಮಾನ ಬಂತು. ಬಾಜಾ ಶುರುವಾಯಿತು. ನಾನೂರು ಜನ ಎದ್ದು ನಿಂತು ಫೋನ್ ಹಿಡಿದರು. ಅದರಲ್ಲಿ ಐದಾರು ನಾನೇ ರಿಪೇರಿ ಮಾಡಿದವು. ದೇವಿಕಾ ನನ್ನ ಕಿವಿಯಲ್ಲಿ, "ನಗಬ್ಯಾಡ ಮಾಮ, ಬಿದ್ದೇನು," ಅಂದಳು. ಹಾಗೆ ಹೇಳಿ ತಾನೇ ನಗತೊಡಗಿದಳು. ಅವಳ ನಗು ನನ್ನ ಎದೆಯ ಮೇಲೆ ಕುಣಿಯಿತು.

ಮೆಟ್ಟಿಲ ಹತ್ತಿರ ಬಂದೆ. ರಾಮಣ್ಣ ಎದ್ದು ನಿಂತಿದ್ದ.

"ಲೇ ತಮ್ಮಾ," ಅಂದ, "ಏನ್ ತಿಂದ್ಯೋ?"

ಹದಿನೆಂಟು ಉತ್ತರ ಒಟ್ಟಿಗೆ ಗಂಟಲಿಗೆ ಬಂದು ನಿಂತವು. ಮೀಸೆಯದು ಎಲ್ಲಕ್ಕಿಂತ ಮುಂದೆ ಇತ್ತು.

"ಹೇಳು ಮಾಮ," ಅಂದಳು ದೇವಿಕಾ, ಅಳುವಷ್ಟು ನಗುತ್ತ. "ಜ್ವಾಳ ಅಂತ ಹೇಳು."

ಬಾಯಿ ಬಂದ್. ಮೂಗಿನಲ್ಲಿ ಸಣ್ಣ ಉಸಿರು. ಆರು ಮೆಟ್ಟಿಲು ಎದುರಿಗಿದ್ದವು. ಹತ್ತಿ ಇಳಿಸಿದರೆ ಕೆಲಸ ಮುಗಿದುಹೋಗುತ್ತದೆ, ಮತ್ತೆ ನೀರಿನ ಬಾಟಲಿ. ಕಾಲು ತಾನಾಗಿಯೇ ಎಡಕ್ಕೆ ಹೊರಳಿತು.

"ಎಲ್ಲಿಗೋ?" ಹಿಂದಿನಿಂದ ಅಕ್ಕ ಕೂಗಿದಳು. "ಮುಹೂರ್ತ ಮೀರ್ತದ."

"ಏ ತಮ್ಮಾ, ನಿನಗೇ ಕೇಳಾಕತ್ತೇನಿ," ಅಂದ ರಾಮಣ್ಣ.

ನಾನು ಐವತ್ತೆಂಟು ಕಿಲೋ ದೇವಿಕಾಳನ್ನು, ನಾಲ್ಕು ಕಿಲೋ ಸೀರೆ ಬಂಗಾರ ಹೂವಿನ ಸಮೇತ ಎತ್ತಿಕೊಂಡು, ಆ ಮಾಲೆ ಹಾಕಿದ ಕುರ್ಚಿಯನ್ನೂ ಅವನನ್ನೂ ದಾಟಿ, ಮಂಟಪದ ಸುತ್ತ ಇಡೀ ಒಂದು ಸುತ್ತು ನಡೆದೆ.