ಭಾರದ್ದೋ ಹಗುರದ್ದೋ

ಆ ಕೋಣೆಯನ್ನು ಮಾಡಿಸಿದವಳು ನನ್ನ ಹೆಂಡತಿ. ನಮ್ಮ ಮನೆಯಲ್ಲಿ ಸಿನಿಮಾದ ಹುಚ್ಚು ಇದ್ದದ್ದು ಅವಳಿಗೇ. ಗೋಡೆಗೆ ದಪ್ಪ ಬಟ್ಟೆ ಹೊದಿಸಿ, ಸುತ್ತಲೂ ಏಳು ಸ್ಪೀಕರುಗಳನ್ನು ತಾನೇ ಟೇಪು ಹಿಡಿದು ಅಳೆದು ನಿಲ್ಲಿಸಿದ್ದಳು. ಅವಕ್ಕೆಲ್ಲ ಶಕ್ತಿ ಕೊಡುವ ಆಂಪ್ಲಿಫೈಯರ್ ಒಂದು ಬಾಕಿಯಿತ್ತು. ಅವಳು ಎರಡನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಳು. ಯಾವುದೆಂದು ತೀರ್ಮಾನಿಸುವ ಮೊದಲೇ ದೇವರು ಅವಳನ್ನು ಕರೆದುಕೊಂಡ. ಅವನ ಇಚ್ಛೆಯನ್ನು ಪ್ರಶ್ನಿಸಲು ನಾನು ಯಾರು? ಆದರೆ ಅವಳ ಕೋಣೆ ಮೂಕವಾಗಿ ಉಳಿದದ್ದು ನನ್ನ ಎದೆಯನ್ನು ಕೊರೆಯುತ್ತಿತ್ತು. ಅದನ್ನು ಅವಳು ಮೆಚ್ಚುವಂತೆ ಮುಗಿಸಬೇಕು, ನನಗಿದ್ದ ಆಸೆ ಅದೊಂದೇ.

ಭಾನುವಾರ ಬೆಳಿಗ್ಗೆ ಎರಡೂ ಮನೆಗೆ ಬಂದವು, ಒಂದು ಭಾರದ್ದು, ಇನ್ನೊಂದು ಹಗುರದ್ದು. ಕೇಳಿ ನೋಡಿ ಎಂದು ಅಂಗಡಿಯವನು ಕೊಟ್ಟಿದ್ದ. ಸಂಜೆಯೊಳಗೆ ಒಂದು ವಾಪಸಾಗಬೇಕು. ಮಗಳು ಭಾರದ್ದರ ಪಕ್ಷ, ನನ್ನ ಬಾಮೈದ ಹಗುರದ್ದರ ಪಕ್ಷ.

"ಇದನ್ನ ಎತ್ತಿ ನನ್ನ ಸೊಂಟ ಹೋಯ್ತು ಭಾವ. ಇದೇನು ಆಂಪ್ಲಿಫೈಯರೋ, ಬೀಸೋ ಕಲ್ಲೋ?"

"ನಿಮ್ಮದು ಊಟದ ಡಬ್ಬಿ ಥರ ಇದೆ ಮಾವ," ಎಂದಳು ಮಗಳು. "ಏಳು ಸ್ಪೀಕರೂ ಒಟ್ಟಿಗೆ ಬಾಯಿ ಬಿಟ್ರೆ ಎಲ್ಲಿಂದ ಬಡಿಸುತ್ತೆ?"

"ಹೊಸ ಕಾಲದ್ದು ಕಣೇ. ಮೈ ಸಣ್ಣ, ಗಂಟಲು ದೊಡ್ಡದು. ಥೇಟ್ ನಿನ್ನ ಹಾಗೆ!"

ನಾನು ನಕ್ಕುಬಿಟ್ಟೆ. ಎಷ್ಟೋ ದಿನದ ಮೇಲೆ.

ಜೋರಾಗಿ ಕೇಳುವುದೇ ಚೆಂದವೆಂದು ಕಿವಿ ಮೋಸಹೋಗುತ್ತದೆಯಂತೆ. ಅದಕ್ಕೆ ಮಗಳು ಮೊದಲು ಫೋನಿನಲ್ಲಿ ಅಳೆದು ಎರಡರ ಸದ್ದನ್ನೂ ಸಮ ಮಾಡಿದಳು. ಆಮೇಲೆ ಹಗುರದ್ದನ್ನು ಜೋಡಿಸಿ, ಹಡಗೊಂದು ಬಿರುಗಾಳಿಗೆ ಸಿಕ್ಕುವ ದೃಶ್ಯ ಹಾಕಿದಳು. ಗುಡುಗು, ಅಲೆ, ಮುರಿಯುವ ಮರ, ಅದರ ನಡುವೆ ಮಗುವನ್ನು ಕೂಗುವ ತಾಯಿ. ನೆಲ ನಡುಗಿತು, ನನ್ನ ಮೈ ಜುಮ್ಮೆಂದಿತು. ದೇವರಾಣೆ, ಈ ವಯಸ್ಸಿನಲ್ಲಿ ಕುರ್ಚಿಯ ತುದಿಗೆ ಬಂದು ಕೂತೆ.

"ಕೇಳಿದ್ರಾ? ನನ್ನದರಲ್ಲಿ ಮಳೆಹನಿ ಎಣಿಸಬಹುದು!" ಎಡಗೋಡೆಯ ಪಕ್ಕದಿಂದ ಬಾಮೈದ ಕೂಗಿದ.

"ಮಳೆ ಎಲ್ಲಿತ್ತು ಮಾವ? ನನಗೆ ಬರೀ ಅಲೆ." ಮಗಳು ಬಲಗೋಡೆಗೆ ಒರಗಿದ್ದಳು.

ಹಿಂದೆ ಕೂತಿದ್ದ ನನಗೆ ಆ ತಾಯಿಯ ಕೂಗೇ ಸರಿಯಾಗಿ ಕೇಳಿರಲಿಲ್ಲ. ತಂತಿಯನ್ನು ಭಾರದ್ದಕ್ಕೆ ಬದಲಿಸಿ ಮತ್ತೆ ಹಾಕಿದರು. ಮತ್ತೆ ಅದೇ ಜಗಳ. ಊಟ ಆರಿತು. ಮಧ್ಯಾಹ್ನ ಇಳಿಯಿತು. ಮೂವರದೂ ಮೂರು ದಾರಿ.

ಕಣ್ಣು ಮುಚ್ಚಿ, "ದೇವರೇ, ಅವಳಿದ್ದಿದ್ದರೆ ಯಾವುದನ್ನು ಆರಿಸುತ್ತಿದ್ದಳು?" ಎಂದು ಬೇಡಿಕೊಂಡೆ. ಕಣ್ಣು ತೆರೆದಾಗ ಎದುರಿಗಿದ್ದದ್ದು ನಡುವಿನ ಕುರ್ಚಿ, ಅವಳದು. ಅವಳು ಹೋದಮೇಲೆ ಅದರಲ್ಲಿ ಯಾರೂ ಕೂತಿಲ್ಲ. ಹಾಗೆಂದು ಯಾರೂ ಹೇಳಿರಲಿಲ್ಲ. ಸುಮ್ಮನೆ ಅದನ್ನು ಸುತ್ತುಹಾಕಿಕೊಂಡು ಓಡಾಡುತ್ತಿದ್ದೆವು. ನೋಡಿದರೆ ಏಳು ಸ್ಪೀಕರುಗಳೂ ಅದರ ಕಡೆಗೇ ಮುಖ ಮಾಡಿವೆ! ನಾವು ಮೂವರೂ ಒಂದೊಂದು ಸ್ಪೀಕರಿನ ಬಾಯಿಗೆ ಕಿವಿಕೊಟ್ಟು ಬೆಳಗಿನಿಂದ ತೀರ್ಪು ಹೇಳುತ್ತಿದ್ದೆವು. ನಾನು ಎದ್ದು ಆ ಕುರ್ಚಿಯತ್ತ ನಡೆದೆ.

"ಅಪ್ಪ, ಅಲ್ಲಿ..." ಮಗಳ ದನಿ ತಡವರಿಸಿತು.

"ಅವಳು ಅಳೆದದ್ದು ಇಲ್ಲಿಂದ ಕಣಮ್ಮ," ಎಂದು ಕೂತೇಬಿಟ್ಟೆ. "ಹಾಕು."

ಹಗುರದ್ದು ಚೆನ್ನಾಗಿಯೇ ಶುರುಮಾಡಿತು. ಆದರೆ ಏಳೂ ಕಡೆಯಿಂದ ಬಿರುಗಾಳಿ ನುಗ್ಗಿದಾಗ ಅದಕ್ಕೆ ಉಸಿರು ಸಾಲಲಿಲ್ಲ. ತಾಯಿಯ ಕೂಗು ಅಲೆಯೊಳಗೆ ಮುಳುಗಿತು. ಆಮೇಲೆ ಭಾರದ್ದು. ಗುಡುಗು ನನ್ನ ಸುತ್ತ ಒಂದು ಸುತ್ತು ಬಂತು, ಮಳೆ ನೆತ್ತಿಯ ಮೇಲೇ ಸುರಿಯಿತು. ಅಷ್ಟೆಲ್ಲದರ ನಡುವೆ ಆ ಕೂಗು ನೇರವಾಗಿ, ಒಂದಕ್ಷರವೂ ಒಡೆಯದೆ, ನನ್ನ ಬಳಿಗೆ ಬಂತು. ಹೌದು, ನನ್ನವಳಿಗೆ ಬೇಕಿದ್ದದ್ದು ಇದೇ! ಕಣ್ಣೀರು ಇಳಿಯುತ್ತಿತ್ತು, ನಾನು ನಗುತ್ತಿದ್ದೆ.

"ಏಳಿ ಭಾವ, ನಾನೂ ಕೇಳ್ತೀನಿ," ಎಂದು ಬಾಮೈದ ನನ್ನನ್ನು ಎಬ್ಬಿಸಿ ಕೂತ. ಎರಡನ್ನೂ ಕೇಳಿ ಮುಗಿಸಿ ಗಲ್ಲ ಕೆರೆದುಕೊಂಡ. "ಸೋತೆ ಕಣೇ. ನಮ್ಮಕ್ಕ ಇದ್ದಿದ್ರೆ ನನ್ನದನ್ನ ಐದೇ ನಿಮಿಷಕ್ಕೆ ಹೊರಗೆ ಕಳಿಸ್ತಿದ್ಲು."

"ಮಾವ, ಸೋತಿದ್ದು ಸರಿ, ಈಗ ಏಳಿ. ನನ್ನ ಸರದಿ."

"ತಡಿಯೇ, ಇನ್ನೊಂದ್ಸಲ!"

"ಮೊದಲು ನಾನು," ಎಂದು ನಾನು ಗದರಿದೆ. ಮೂವರೂ ಆ ಕುರ್ಚಿಗೆ ಕಿತ್ತಾಡುತ್ತಿರುವಾಗಲೇ ಅಂಗಡಿಯವನು ಬಂದು ಬಾಗಿಲು ತಟ್ಟಿದನಂತೆ. ಬಿರುಗಾಳಿಯ ಸದ್ದಿನಲ್ಲಿ ನಮಗೆ ಕೇಳಿಸಲೇ ಇಲ್ಲ.